ಜಂಟಿ ಖಾತೆ, ಒಂಟಿ ಓಟಿಪಿ

ದೇಶದ ಬ್ಯಾಂಕುಗಳ ಮೊಬೈಲ್ ಆ್ಯಪ್‌ಗಳನ್ನು ರೂಪಿಸುವ, ಅವಕ್ಕೆ ನಿಯಮ ಬರೆಯುವ, ಹಬ್ಬದ ಹಿಂದಿನ ರಾತ್ರಿಯೇ ತಪ್ಪದೆ ಅವನ್ನು ಅಪ್‌ಡೇಟ್ ಮಾಡಿಸುವ ಮಹನೀಯರ ಸನ್ನಿಧಾನಕ್ಕೆ,

ಮಾನ್ಯರೇ,

ನಿಮ್ಮ ಜಾಹೀರಾತುಗಳ ದಂಪತಿ ನಾಡಿಗೆಲ್ಲ ಪರಿಚಿತರು. ಖಾಲಿ ಫ್ಲ್ಯಾಟಿನ ನೆಲದ ಮೇಲೆ ಕೂತು, ಒಂದೇ ಮೊಬೈಲಿನ ಪರದೆ ನೋಡಿ ಇಬ್ಬರೂ ಒಟ್ಟಿಗೆ ನಗುತ್ತಾರೆ. ಅವರು ನಗುವುದಕ್ಕೆ ಕಾರಣವಿದೆ: ಅದು ಸಾಲದ ಜಾಹೀರಾತು. ಸಾಲ ಕೊಡುವ ಹೊತ್ತಿನಲ್ಲಿ ದಾಂಪತ್ಯದ ಮೇಲೆ ನಿಮಗಿರುವ ನಂಬಿಕೆ ತಾಳಿ ಕಟ್ಟಿಸಿದ ಪುರೋಹಿತರಿಗೂ ಇರಲಾರದು. ಇಬ್ಬರ ಸಂಬಳ ಕೂಡಿಸಿ ಸಾಲದ ಮೊತ್ತ ಏರಿಸುತ್ತೀರಿ, ಇಬ್ಬರಿಂದಲೂ ಪುಟಪುಟಕ್ಕೆ ಸಹಿ ಹಾಕಿಸುತ್ತೀರಿ, ಹೆಂಡತಿಯ ಹೆಸರು ಸೇರಿದರೆ ಬಡ್ಡಿಯಲ್ಲಿ ಕೊಂಚ ರಿಯಾಯಿತಿ ಕೊಡುವವರೂ ನಿಮ್ಮಲ್ಲಿದ್ದಾರೆ. ಕಂತು ತಪ್ಪಿದರೆ ಇಬ್ಬರೂ ಇಡೀ ಸಾಲಕ್ಕೆ ಹೊಣೆ, ಅರ್ಧರ್ಧ ಎಂಬ ಮಾತೇ ಇಲ್ಲ. ಆದರೆ ಸಾಲ ಮಂಜೂರಾದ ಮರುದಿನ ಅದೇ ಬ್ಯಾಂಕಿನ ಆ್ಯಪ್ ತೆರೆದರೆ ಮದುವೆ ರದ್ದಾಗಿರುತ್ತದೆ. ಅಲ್ಲಿ ಇರುವುದು ಒಬ್ಬ ಗ್ರಾಹಕ, ಒಂದು ಸಿಮ್, ಒಂದು ಪಿನ್. ಇನ್ನೊಬ್ಬರು ಯಾರೋ ಅಪರಿಚಿತರು, ವಂಚಕರೂ ಆಗಿರಬಹುದಾದವರು.

ಉಪಕಾರ ಸ್ಮರಣೆಯನ್ನು ಮೊದಲು ಮುಗಿಸಿಬಿಡೋಣ. 2016ರಲ್ಲಿ ಯುಪಿಐ ಬಂತು, 2019ರ ಡಿಸೆಂಬರಿನಿಂದ ನೆಫ್ಟ್ ದಿನದ ಇಪ್ಪತ್ತನಾಲ್ಕು ಗಂಟೆಯೂ ನಡೆಯತೊಡಗಿತು. ಅಂಗಡಿಯವರು ಚಿಲ್ಲರೆ ಬದಲು ಚಾಕಲೇಟು ಕೈಗಿಡುವ ಕಾಲ ಹೋಯಿತು. ಭಾನುವಾರ ಮಧ್ಯರಾತ್ರಿ ಊರಿನಲ್ಲಿ ಅತ್ತೆಗೆ ಮೈ ಸರಿಯಿಲ್ಲವೆಂದರೆ ಹಣ ಕಳಿಸಲು ಸೋಮವಾರ ಹತ್ತೂವರೆಗೆ ಕಾಯಬೇಕಾಗಿಲ್ಲ. 2025ರ ಆಗಸ್ಟ್‌ನಲ್ಲಿ ಯುಪಿಐ ವಹಿವಾಟು ಮೊದಲ ಬಾರಿಗೆ ತಿಂಗಳಿಗೆ 2,000 ಕೋಟಿ ದಾಟಿತೆಂದರೆ ಜನ ಇದನ್ನು ಒಪ್ಪಿಕೊಂಡಿದ್ದಾರೆ ಎಂದೇ ಅರ್ಥ. ಹಾಗಾಗಿ ಇದು ‘ಹಿಂದಿನ ಕಾಲವೇ ಚೆಂದ’ ಎನ್ನುವವರ ಪತ್ರವಲ್ಲ. ಆದರೂ ಹಿಂದಿನ ಕಾಲದ ಬ್ಯಾಂಕಿನಲ್ಲಿ ಇದ್ದ ಒಂದು ಸೌಲಭ್ಯವನ್ನು ನೀವು ಸದ್ದಿಲ್ಲದೆ ತೆಗೆದುಹಾಕಿದ್ದೀರಿ. ಒಬ್ಬರನ್ನು ಇಷ್ಟು ರೂಪಾಯಿಯ ಮಟ್ಟಿಗೆ, ಇಷ್ಟು ಹೊತ್ತಿನ ಮಟ್ಟಿಗೆ ನಂಬಲು ಅಲ್ಲಿ ದಾರಿಯಿತ್ತು. ನಿಮ್ಮಲ್ಲಿ ನಂಬಿದರೆ ಪೂರ್ತಿ ನಂಬಬೇಕು, ಇಲ್ಲವಾದರೆ ಒಂದು ರೂಪಾಯಿಗೂ ನಂಬುವಂತಿಲ್ಲ.

ಚೆಕ್ಕನ್ನೇ ನೋಡಿ. ಅದರ ಹಿಂದಿರುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 1881ರದು, ವಿಕ್ಟೋರಿಯಾ ರಾಣಿಯ ಕಾಲದ್ದು. ಹೆಣ್ಣುಮಕ್ಕಳ ಹಣಕಾಸಿನ ಸ್ವಾತಂತ್ರ್ಯದ ಬಗ್ಗೆ ಆ ಕಾಲದವರಿಗೆ ಅಂಥ ಕಾಳಜಿಯೇನೂ ಇರಲಿಲ್ಲ. ಆದರೂ ಅವರು ಬಿಟ್ಟುಹೋದ ವ್ಯವಸ್ಥೆಯಲ್ಲಿ ಹೆಂಡತಿ ಒಂದು ಸೆಲ್ಫ್ ಚೆಕ್ ಬರೆದು ಸಹಿ ಮಾಡಿ ಗಂಡನ ಕೈಗೆ ಕೊಟ್ಟರೆ ಅವನು ಕೌಂಟರಿಗೆ ಹೋಗಿ ಹಣ ತರಬಹುದಿತ್ತು. ಎಷ್ಟು ಹಣ ಎಂಬುದನ್ನು ಅವಳು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರುತ್ತಿದ್ದಳು. ಅದು ಒಂದೇ ಸಲಕ್ಕೆ ನಡೆಯುವಂಥದ್ದು. ಮನಸ್ಸು ಬದಲಾದರೆ ಬ್ಯಾಂಕಿಗೆ ತಿಳಿಸಿ ತಡೆಯಬಹುದಿತ್ತು. ಮುಖ್ಯವಾಗಿ, ಚೆಕ್ ಕೊಡುವವಳು ತನ್ನ ಸಹಿ ಮಾಡುವುದನ್ನು ಗಂಡನಿಗೆ ಕಲಿಸಿಕೊಡಬೇಕಾಗಿರಲಿಲ್ಲ. ನಿಮ್ಮ ಕಾಲದಲ್ಲಿ ನಡೆಯುತ್ತಿರುವುದು ಸರಿಯಾಗಿ ಅದೇ. ಪಿನ್ ಹೇಳಿಕೊಡುವುದೆಂದರೆ ಸಹಿಯನ್ನೇ ಕಲಿಸಿಕೊಟ್ಟಂತೆ.

ಇದು ಬರೀ ತರ್ಕವಲ್ಲ, ಬೆಂಗಳೂರಿನಲ್ಲೇ ಇದಕ್ಕೊಂದು ತೀರ್ಪು ಇದೆ. 2013ರ ನವೆಂಬರಿನಲ್ಲಿ ಮಾರತ್ತಹಳ್ಳಿಯ ಬಾಣಂತಿಯೊಬ್ಬರು ತಮ್ಮ ಎಟಿಎಂ ಕಾರ್ಡು, ಪಿನ್ ಎರಡನ್ನೂ ಗಂಡನಿಗೆ ಕೊಟ್ಟು 25,000 ರೂಪಾಯಿ ತರಲು ಕಳಿಸಿದರು. ಯಂತ್ರ ಚೀಟಿ ಕೊಟ್ಟಿತು, ಹಣ ಕೊಡಲಿಲ್ಲ. ದಂಪತಿ ಸಿಸಿಟಿವಿ ದೃಶ್ಯ ತರಿಸಿದರು, ಮಾಹಿತಿ ಹಕ್ಕಿನಡಿ ಆ ಯಂತ್ರದ ನಗದು ಲೆಕ್ಕವನ್ನೂ ತೆಗೆಸಿದರು. ಬ್ಯಾಂಕು ಮಾತ್ರ ಕದಲಲಿಲ್ಲ. ದೃಶ್ಯದಲ್ಲಿ ಕಾರ್ಡಿನ ಒಡತಿಯೇ ಇಲ್ಲವಲ್ಲ, ಪಿನ್ ಇನ್ನೊಬ್ಬರಿಗೆ ಹೇಳಿದ್ದೇ ತಪ್ಪಲ್ಲವೇ ಎಂದಿತು. 2018ರ ಮೇ ತಿಂಗಳಲ್ಲಿ ಗ್ರಾಹಕರ ವೇದಿಕೆ ಬ್ಯಾಂಕಿನ ಮಾತನ್ನೇ ಎತ್ತಿಹಿಡಿಯಿತು. ಹೊರಗೆ ಹೋಗಲಾಗದಿದ್ದರೆ ಗಂಡನ ಕೈಯಲ್ಲಿ ಸೆಲ್ಫ್ ಚೆಕ್ಕನ್ನೋ ಅಧಿಕಾರ ಪತ್ರವನ್ನೋ ಕೊಟ್ಟು ಕಳಿಸಬೇಕಾಗಿತ್ತು ಎಂದೂ ಹೇಳಿತು. ಕಾನೂನಿನ ಕಣ್ಣಿನಿಂದ ನೋಡಿದರೆ ತೀರ್ಪಿನಲ್ಲಿ ಹುರುಳಿದೆ, ಕಾರ್ಡಿನ ಷರತ್ತಿನಲ್ಲಿ ಹಾಗೇ ಬರೆದಿತ್ತು. ಆದರೆ ಅದರ ಒಳದನಿಯನ್ನು ಸ್ವಲ್ಪ ಕೇಳಿಸಿಕೊಳ್ಳಿ. ಐಟಿ ನಗರದ ನಡುವೆ, ಯಂತ್ರದ ಮುಂದೆ ನಿಂತ ದಂಪತಿಗೆ ಸಿಕ್ಕ ಸಲಹೆ 1881ಕ್ಕೆ ಹಿಂದಿರುಗಿ ಎಂಬುದು. ಏಕೆಂದರೆ ಆ ಯಂತ್ರದಲ್ಲಿ ‘ಇವತ್ತಿನ ಮಟ್ಟಿಗೆ ನನ್ನ ಗಂಡ’ ಎಂಬ ಗುಂಡಿ ಇರಲಿಲ್ಲ.

ಈಗ ಬಹುಮಟ್ಟಿಗೆ ಯಂತ್ರವೂ ಹೋಗಿ ಎಲ್ಲವೂ ಫೋನಿಗೆ ಬಂದಿದೆ. ಯುಪಿಐ ಹೆಜ್ಜೆಯಿಡುವುದೇ ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್ ಯಾವ ಫೋನಿನಲ್ಲಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ. ಕಳ್ಳರ ದೃಷ್ಟಿಯಿಂದ ಇದು ಒಳ್ಳೆಯ ಬೀಗ, ಸಂಸಾರದ ದೃಷ್ಟಿಯಿಂದ ಮನೆಗೆ ಒಂದೇ ಬೀಗದ ಕೈ. ಕರೆಂಟು ಬಿಲ್ ಕಟ್ಟಲು ಇವತ್ತು ಕೊನೆಯ ದಿನ. ಬಿಲ್ಲು ಹೆಂಡತಿಯ ಫೋನಿನಲ್ಲಿ, ಓಟಿಪಿ ಗಂಡನ ಫೋನಿನಲ್ಲಿ, ಗಂಡ ಮೀಟಿಂಗಿನಲ್ಲಿ, ಓಟಿಪಿಯ ಆಯುಸ್ಸು ಕೆಲವೇ ನಿಮಿಷ. ಕಚೇರಿ ವೇಳೆಯಲ್ಲಿ ಗಂಡ ಹೆಂಡಿರ ನಡುವೆ ಉಳಿದಿರುವ ಪ್ರೇಮ ಸಂಭಾಷಣೆಯೆಲ್ಲ ಆರಂಕಿಯದು. ಅವರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿದ್ದರು, ಪಿನ್ ಮೂರು ಸಲ ತಪ್ಪಾದರೆ ನಿಮ್ಮ ಮುನಿಸು ಮರುದಿನದ ತನಕ. ಇದರಿಂದ ಪಾರಾಗಲು ಜನ ಮಾಡುವುದು ಎಲ್ಲರಿಗೂ ಗೊತ್ತು: ಪಿನ್ ಹಂಚಿಕೊಳ್ಳುತ್ತಾರೆ, ಓಟಿಪಿ ಫಾರ್ವರ್ಡ್ ಮಾಡುತ್ತಾರೆ, ಒಬ್ಬರ ಫೋನಿಗೆ ಇನ್ನೊಬ್ಬರ ಬೆರಳಚ್ಚನ್ನೂ ಸೇರಿಸುತ್ತಾರೆ. ನಿಮಗೂ ಗೊತ್ತು. ಗೊತ್ತಿದ್ದೇ ‘ಯಾರಿಗೂ ತಿಳಿಸಬೇಡಿ’ ಎಂಬ ಸಂದೇಶ ಕಳಿಸುತ್ತೀರಿ, ಅದರ ಕಣ್ಣಿಗೆ ಮೂವತ್ತು ವರ್ಷ ಸಂಸಾರ ಮಾಡಿದವರೂ ಜಾಮ್ತಾರದ ವಂಚಕರೂ ಒಂದೇ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಗ್ರಾಹಕರ ಹೊಣೆಗೆ ಮಿತಿ ಹಾಕಿ ಹೊರಡಿಸಿದ ಸುತ್ತೋಲೆ ನಿಜಕ್ಕೂ ದೊಡ್ಡ ಮನಸ್ಸಿನದು. ಹೊರಗಿನವರು ಲೋಪ ಹುಡುಕಿ ಹಣ ಹೊಡೆದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರಿಗೆ ನಷ್ಟವೇ ಇಲ್ಲ. ಆದರೆ ಪಾಸ್‌ವರ್ಡು, ಪಿನ್ನಿನಂಥವನ್ನು ಹಂಚಿಕೊಂಡದ್ದರಿಂದ ನಷ್ಟವಾದರೆ, ಬ್ಯಾಂಕಿಗೆ ತಿಳಿಸುವ ತನಕ ಹೋದದ್ದೆಲ್ಲ ಗ್ರಾಹಕರದೇ. ಪಾಲಿಸಲಾಗದ ನಿಯಮವನ್ನು ಮನೆಮನೆಗೆ ಹಂಚಿ, ಅದನ್ನು ಮುರಿದವರ ವಿರುದ್ಧ ಅದೇ ನಿಯಮವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ನಿಮಗೆ ಅನುಕೂಲವೇ ಸರಿ.

ಒಂದೇ ಬೀಗದ ಕೈ ಯಾರ ಸೊಂಟದಲ್ಲಿರುತ್ತದೆ ಎಂಬುದೂ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಬ್ಯಾಂಕ್ ಖಾತೆ ಇರುವ ಹೆಂಗಸರು ದೇಶದಲ್ಲಿ ಶೇ 79ರಷ್ಟು. ತಾವೇ ಬಳಸುವ ಮೊಬೈಲ್ ಇರುವವರು ಶೇ 54. ಕಳೆದು ನೋಡಿ. ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬರಾದರೂ ಖಾತೆ ಇದ್ದೂ ಸ್ವಂತ ಫೋನಿಲ್ಲದವರು. ಅವರ ಖಾತೆಯ ಎಸ್‌ಎಂಎಸ್ ಹೋಗುವುದಿದ್ದರೆ ಗಂಡನ, ಮಗನ ಅಥವಾ ಮೈದುನನ ನಂಬರಿಗೇ ಹೋಗಬೇಕು. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾದಾಗ ತಿಂಗಳಿಗೆ 2,000 ರೂಪಾಯಿ ಯಜಮಾನಿಯ ಖಾತೆಗೇ ಬೀಳಬೇಕು ಎಂದು ಸರ್ಕಾರ ಗಟ್ಟಿಯಾಗಿ ಹಿಡಿದದ್ದು ಸರಿಯಾಗಿಯೇ ಇತ್ತು. ಹಣ ಯಜಮಾನಿಯ ಹೆಸರಿಗೆ ಬೀಳುತ್ತದೆ, ಸ್ವಂತ ಫೋನಿಲ್ಲದ ಕಡೆ ಟಿಂಗ್ ಎಂಬ ಸದ್ದು ಮಾತ್ರ ಯಜಮಾನನ ಜೇಬಿನಲ್ಲಿ.

ಜಂಟಿ ಖಾತೆ ಇದೆಯಲ್ಲ ಎನ್ನುತ್ತೀರಿ. ಇದೆ. ಅದು ಕಾಗದದ ಬ್ಯಾಂಕು ಕೊಟ್ಟ ಬಳುವಳಿ. ಇಬ್ಬರೂ ಸೇರಿ ಸಹಿ ಮಾಡಬೇಕಾದ ಖಾತೆಯಾದರೆ ಎಷ್ಟೋ ಕಡೆ ಅದಕ್ಕೆ ಯುಪಿಐ ಸಿಗದು. ಆ್ಯಪ್‌ನಲ್ಲಿ ಬಹುಮಟ್ಟಿಗೆ ಲೆಕ್ಕ ನೋಡಿ ಸಮಾಧಾನ ಪಡಬೇಕು. ಇಬ್ಬರು ಚೆಕ್ಕಿಗೆ ಸಹಿ ಹಾಕಬಹುದಾದರೆ ಇಬ್ಬರು ಎರಡು ಫೋನಿನಲ್ಲಿ ಒಪ್ಪಿಗೆ ಒತ್ತುವುದು ಯಾವ ಬ್ರಹ್ಮವಿದ್ಯೆ? ಕಂಪನಿಗಳ ಖಾತೆಗೆ ಅದನ್ನೇ ನೀವು ಎಂದೋ ಮಾಡಿಕೊಟ್ಟಿದ್ದೀರಿ, ಗುಮಾಸ್ತ ಹಾಕಿದ ಪಾವತಿಗೆ ಮ್ಯಾನೇಜರು ಒಪ್ಪಿಗೆ ಕೊಡುತ್ತಾರೆ. ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು ನಡೆಸಬಹುದಾದ ಖಾತೆಯಾದರೆ ಕೆಲಸ ಆಗುತ್ತದೆ, ಆದರೆ ಎಷ್ಟೋ ಕಡೆ ಸಂದೇಶ ಮೊದಲ ಹೆಸರಿನವರಿಗಷ್ಟೇ. 2020ರ ಜನವರಿಯಿಂದ ವಿಡಿಯೊ ಮೂಲಕ ಖಾತೆ ತೆರೆಯಲು ಅವಕಾಶವಿದ್ದರೂ ಅದು ಹೆಚ್ಚಾಗಿ ಒಂಟಿ ಜನರಿಗೆ ಮೀಸಲು. ಜೋಡಿಗಳು ಫೋಟೊ, ನಕಲು ಪ್ರತಿ ಹಿಡಿದು ಶಾಖೆಗೇ ದಯಮಾಡಿಸಬೇಕು. ಕರಾವಳಿಗೆ ಹೋದರೆ ಇನ್ನೊಂದು ಸ್ವಾರಸ್ಯ. ಗಂಡ ಕೊಲ್ಲಿ ದೇಶದಲ್ಲಿ, ಹೆಂಡತಿ ಉಡುಪಿಯಲ್ಲಿ. ಅವನ ಎನ್‌ಆರ್‌ಇ ಖಾತೆಗೆ ಅವಳ ಹೆಸರು ಸೇರಿಸಬಹುದು, ಆದರೆ ಅವನು ಬದುಕಿರುವ ತನಕ ಅವಳು ಅದನ್ನು ನಡೆಸುವುದು ಮುಕ್ತಿಯಾರು ಪತ್ರದ ಬಲದಿಂದ ಮಾತ್ರ. ಇದೇ ಉಡುಪಿಯಲ್ಲಿ 1928ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಪಿಗ್ಮಿ ಶುರುಮಾಡಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಉಳಿತಾಯ ಸಂಗ್ರಹಿಸಿತ್ತು. ಮನೆಯ ಹಣ ಯಾರ ಕೈಯಲ್ಲಿ ಹೇಗೆ ಓಡಾಡುತ್ತದೆ ಎಂಬುದು ಆ ಏಜೆಂಟರಿಗೆ ತಿಳಿದಿತ್ತು.

ಯುಪಿಐ ಸರ್ಕಲ್ ಇದೆಯಲ್ಲ ಎಂದು ನಿಮ್ಮಲ್ಲಿ ತಿಳಿದವರು ಹೇಳಿಯಾರು. 2024ರ ಆಗಸ್ಟ್‌ನಲ್ಲಿ ಬಂದ ಆ ಏರ್ಪಾಡನ್ನು ಮೆಚ್ಚಲೇಬೇಕು, ಈ ದಿಕ್ಕಿನಲ್ಲಿ ಇಟ್ಟ ಸರಿಯಾದ ಹೆಜ್ಜೆ ಅದು. ‘ಪ್ರಾಥಮಿಕ’ ಎನಿಸಿದ ಖಾತೆದಾರರು ಐವರ ತನಕ ನಂಬಿಕಸ್ಥರನ್ನು ‘ದ್ವಿತೀಯ’ ಬಳಕೆದಾರರಾಗಿ ಸೇರಿಸಿಕೊಳ್ಳಬಹುದು. ಪೂರ್ಣ ಅಧಿಕಾರ ಕೊಟ್ಟರೆ ತಿಂಗಳಿಗೆ 15,000, ಒಂದು ಸಲಕ್ಕೆ 5,000 ರೂಪಾಯಿ ಮಿತಿ. ಅರೆ ಅಧಿಕಾರವಾದರೆ ಪ್ರತಿ ಪಾವತಿಗೂ ಮೊದಲನೆಯವರ ಅಪ್ಪಣೆ ಬೇಕು. ವಯಸ್ಸಾದ ತಾಯಿಗೆ, ಕಾಲೇಜಿಗೆ ಹೋಗುವ ಮಗಳಿಗೆ ಇದು ಸೊಗಸಾಗಿ ಒಪ್ಪುತ್ತದೆ. ಆದರೆ ಗಂಡ ಹೆಂಡತಿಯಲ್ಲಿ ಪ್ರಾಥಮಿಕ ಯಾರು, ದ್ವಿತೀಯ ಯಾರು? ಇಬ್ಬರೂ ದುಡಿದು ಕೂಡಿ ಬದುಕುವ ಮನೆಗೆ ಇದು ಕೈಖರ್ಚಿನ ಲೆಕ್ಕ ತರುತ್ತದೆ. ಹೆಂಡತಿಗೆ ತಿಂಗಳ ಮೊದಲಲ್ಲಿ ಎಣಿಸಿಕೊಡುತ್ತಿದ್ದ ನೋಟುಗಳಿಗೆ ಈಗೊಂದು ಲೋಗೊ ಬಂದಿದೆ ಅಷ್ಟೆ. ಆಸ್ಪತ್ರೆಯ ಬಿಲ್ಲು 40,000 ಆದ ರಾತ್ರಿ ಈ ಸರ್ಕಲ್ಲು ಅರ್ಧಕ್ಕೇ ನಿಲ್ಲುತ್ತದೆ, ಎಫ್‌ಡಿ ಮುರಿಯಲೂ ಬಾರದು. (ಅಂದಹಾಗೆ, ಒಬ್ಬರು ಇನ್ನೊಬ್ಬರಿಗೆ ‘ಹಣ ಕಳಿಸಿ’ ಎಂದು ಯುಪಿಐ ವಿನಂತಿ ಕಳಿಸುವ ದಾರಿಯನ್ನು 2025ರ ಅಕ್ಟೋಬರಿನಿಂದ ಮುಚ್ಚಿದಿರಿ. ವಂಚಕರ ಕಾಟಕ್ಕೆ ಮುಚ್ಚಿದ್ದು, ಸರಿ. ಇನ್ನು ಮೊದಲಿನಂತೆ ಅಡುಗೆಮನೆಯಿಂದಲೇ ಕೂಗಬೇಕು.)

ನಿಮ್ಮ ಕಡೆಯ ಅತಿ ಗಟ್ಟಿ ಆಕ್ಷೇಪ ಬೇರೆ ಇದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಲ್ಲ ದಂಪತಿಯೂ ನಿಮ್ಮ ಜಾಹೀರಾತಿನವರಲ್ಲ. ಹೆಂಡತಿಯ ಸಂಬಳವನ್ನು ಬಿದ್ದ ದಿನವೇ ಎಳೆದುಕೊಳ್ಳುವ ಗಂಡಂದಿರಿದ್ದಾರೆ, ಪ್ರತಿ ರೂಪಾಯಿಗೂ ವಿವರಣೆ ಕೇಳುವವರಿದ್ದಾರೆ. ಸಾಸಿವೆ ಡಬ್ಬಿಯಲ್ಲಿ ಹಣ ಮುಚ್ಚಿಡುವುದು ನಮ್ಮ ಹೆಂಗಸರು ಸುಮ್ಮನೆ ಕಲಿತ ವಿದ್ಯೆಯಲ್ಲ. 2016ರ ನೋಟು ರದ್ದತಿ ಆ ಡಬ್ಬಿಗಳನ್ನು ಮುಚ್ಚಳ ಸಮೇತ ಬಯಲಿಗೆಳೆಯಿತು. ಬ್ಯಾಂಕು ದಂಪತಿಯನ್ನು ಒಂದೇ ಗ್ರಾಹಕ ಎಂದು ಎಣಿಸಿಬಿಟ್ಟರೆ ಉಳಿದ ಗುಟ್ಟೂ ಹೋದೀತು. ಒಪ್ಪಿದೆ. ಒಂಟಿ ಖಾತೆ ಒಂಟಿಯಾಗಿಯೇ ಇರಲಿ, ಅದರ ಬಾಗಿಲಲ್ಲಿ ಗಂಡನೂ ಪರಕೀಯನೇ ಆಗಿರಲಿ. ಆದರೆ ಇಂದಿನ ವ್ಯವಸ್ಥೆ ಆ ಹೆಂಗಸನ್ನು ಕಾಯುತ್ತಿದೆಯೇ? ದಬ್ಬಾಳಿಕೆಯ ಗಂಡ ಕೇಳುವುದೇ ಪಿನ್. ಪಿನ್ ಕೊಟ್ಟ ಮೇಲೆ ಅವನು ತೆಗೆದ ಹಣಕ್ಕೂ ಅವಳೇ ತೆಗೆದದ್ದು ಎಂಬ ದಾಖಲೆ ಉಳಿಯುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ಅವನು ಇಲ್ಲವೇ ಇಲ್ಲ. ಅವನ ಹೆಸರಿನಲ್ಲೇ, ಅವನ ಫೋನಿನಿಂದಲೇ, ಮಿತಿ ಹಾಕಿದ ಅಧಿಕಾರವಿದ್ದರೆ ತೆಗೆದವರು ಯಾರು, ಎಷ್ಟು, ಯಾವಾಗ ಎಂಬುದು ಲೆಕ್ಕದಲ್ಲಿರುತ್ತದೆ, ಅವಳು ಮನಸ್ಸು ಮಾಡಿದ ದಿನ ಒಂದು ಗುಂಡಿ ಒತ್ತಿ ಹಿಂತೆಗೆದುಕೊಳ್ಳಬಹುದು. ಹೊಡೆದು ಬಡಿದು ಕಿತ್ತುಕೊಳ್ಳುವವನನ್ನು ಯಾವ ಆ್ಯಪೂ ತಡೆಯಲಾರದು, ಅವನ ಕೃತ್ಯದ ಗುರುತನ್ನಾದರೂ ಉಳಿಸಬಲ್ಲದು. ವಂಚನೆ ಹೆಚ್ಚೀತು ಎಂಬ ಭಯಕ್ಕೂ ಉತ್ತರ ಇದರಲ್ಲೇ ಇದೆ. ಓಟಿಪಿಯನ್ನು ದಿನಾ ಫೋನಿನಲ್ಲಿ ಓದಿ ಹೇಳಿ ರೂಢಿಯಾದ ನಾಲಿಗೆ, ‘ಬ್ಯಾಂಕಿನಿಂದ ಮಾತಾಡ್ತಿದೀವಿ ಮೇಡಂ’ ಎಂದವನಿಗೂ ಅದೇ ಸಲೀಸಿನಲ್ಲಿ ಓದಿಬಿಡುತ್ತದೆ. ಆ ರೂಢಿ ಮಾಡಿಸಿದವರಲ್ಲಿ ನೀವೂ ಇದ್ದೀರಿ.

ಸಾಲದ ಹೊತ್ತು ಬಿಟ್ಟರೆ ನಿಮಗೆ ದಾಂಪತ್ಯ ನೆನಪಾಗುವುದು ಸಾವಿನ ಹೊತ್ತಿನಲ್ಲಿ. ಅಲ್ಲಿ ಧಾರಾಳತನಕ್ಕೆ ಕೊರತೆಯಿಲ್ಲ: 2025ರ ನವೆಂಬರಿನಿಂದ ಒಂದು ಖಾತೆಗೆ ನಾಲ್ವರು ನಾಮಿನಿಗಳನ್ನು ಹೆಸರಿಸಬಹುದು. ಬದುಕಿರುವಾಗ ಒಬ್ಬರಿಗೂ ಸರಿಯಾದ ಬೀಗದ ಕೈ ಕೊಡದ ವ್ಯವಸ್ಥೆ ಸತ್ತ ಮೇಲೆ ನಾಲ್ವರನ್ನು ಕರೆಯುತ್ತದೆ. ಅಷ್ಟರಲ್ಲಿ ಗಂಡನ ಸಿಮ್ ರೀಚಾರ್ಜ್ ಇಲ್ಲದೆ ಬಂದ್ ಆಗಿರುತ್ತದೆ, ಅವನು ಎಲ್ಲೆಲ್ಲಿ ಖಾತೆ ತೆರೆದಿದ್ದ ಎಂಬುದು ಅವನ ಜೊತೆಗೇ ಹೋಗಿರುತ್ತದೆ. ಹತ್ತು ವರ್ಷ ಯಾರೂ ಕೇಳದ ಠೇವಣಿ ಹೋಗಿ ಸೇರುವ ರಿಸರ್ವ್ ಬ್ಯಾಂಕಿನ ನಿಧಿ 2024ರ ಮಾರ್ಚ್ ಹೊತ್ತಿಗೆ 78,000 ಕೋಟಿ ರೂಪಾಯಿ ದಾಟಿತ್ತು. ಅದೆಲ್ಲವೂ ವಿಧವೆ ವಿಧುರರ ಹಣವೆಂದಲ್ಲ. ಆದರೆ ಅಂಥ ಹಣ ಹುಡುಕಲೆಂದೇ 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣ ತೆರೆಯಬೇಕಾಗಿ ಬಂದದ್ದು, ಒಂದೇ ಸೂರಿನಡಿ ಇದ್ದವರಿಗೂ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣದೆ ಹೋಗುವುದರ ಬಗ್ಗೆ ಏನನ್ನೋ ಹೇಳುತ್ತದೆ.

ಕೇಳುತ್ತಿರುವುದು ದೊಡ್ಡದೇನಲ್ಲ. ಜಂಟಿ ಖಾತೆಯ ಇಬ್ಬರಿಗೂ ಅವರವರ ಲಾಗಿನ್, ಅವರವರ ಪಿನ್ ಕೊಡಿ. ಸಂದೇಶ ಎರಡೂ ಫೋನಿಗೆ ಹೋಗಲಿ. ಇಬ್ಬರೂ ಒಪ್ಪಬೇಕಾದ ಖಾತೆಗೆ ಎರಡು ಫೋನಿನ ಒಪ್ಪಿಗೆ ಸಾಕು ಎನ್ನಿ. ಒಂಟಿ ಖಾತೆದಾರರು ತಾವಾಗಿ ಬಯಸಿದರೆ, ಇಷ್ಟು ಮೊತ್ತ ಇಷ್ಟು ದಿನ ಎಂದು ಸೆಲ್ಫ್ ಚೆಕ್ ಬರೆದಷ್ಟೇ ಸಲೀಸಾಗಿ ಇನ್ನೊಬ್ಬರಿಗೆ ಅಧಿಕಾರ ಕೊಡುವಂತಿರಲಿ; ಮಿತಿಯನ್ನು ಅವರೇ ಗೊತ್ತುಮಾಡಲಿ. ಕೊಂಚ ಖರ್ಚಾದೀತು, ಗೃಹಸಾಲದ ಜಾಹೀರಾತು ಒಂದನ್ನು ಕಡಿಮೆ ಮಾಡಿದರೆ ಸರಿಹೋಗುತ್ತದೆ. ಉತ್ತರ ಬರೆಯುವುದಾದರೆ ದಯವಿಟ್ಟು ಎರಡೂ ನಂಬರಿಗೆ ಕಳಿಸಿ.

ಇಂತಿ,
ನಿಮ್ಮ ಜಂಟಿ ಖಾತೆಗಳ ಎರಡನೇ ಹೆಸರಿನವರ ಪರವಾಗಿ