ಗೇಜ್ ಮೀಮಾಂಸೆ, ಅಥವಾ ಸಾಲಗುಂದದಿಂದ ಡ್ಯಾನ್ಯೂಬ್‌ಗೆ

ಡಿಸೆಂಬರ್ ಥಂಡಿಯಲ್ಲಿ ಹಡಗು ಹತ್ತಿ, ರೈನ್ ಇಲ್ಲವೆ ಡ್ಯಾನ್ಯೂಬ್ ನದಿಗುಂಟ ಊರೂರಿನ ಕ್ರಿಸ್‌ಮಸ್ ಸಂತೆ ನೋಡುತ್ತ ಹೋಗುವುದು ಯುರೋಪಿನಲ್ಲಿ ದೊಡ್ಡ ಉದ್ಯಮ. ಇಂಥ ಪ್ರವಾಸವನ್ನು ಯೋಜಿಸುವ ಬಗೆ ಹೇಗೆಂದು ಹೇಳುವ ವಾಙ್ಮಯಕ್ಕೂ ಬರವಿಲ್ಲ. ಆದರೆ ಅದನ್ನು ಬರೆದವರು ಹಡಗಿನ ಕೋಣೆಯನ್ನು ವರ್ಣಿಸಿದ್ದಾರೆ, ಸಂತೆಯ ದೀಪಗಳನ್ನು ವರ್ಣಿಸಿದ್ದಾರೆ, ಇವೆರಡರ ನಡುವೆ ಇರುವ ನೀರನ್ನು ಮಾತ್ರ ನಲ್ಲಿ ತಿರುವಿದರೆ ಬರುವ ವಸ್ತುವೆಂದು ಭಾವಿಸಿದ್ದಾರೆ. ಈ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದರ ಸಿದ್ಧಾಂತ ಇಷ್ಟೇ: ಯುರೋಪಿನ ನದಿವಿಹಾರವನ್ನು ಯೋಜಿಸಲು ಭೂಮಂಡಲದಲ್ಲಿ ಸರ್ವಾಧಿಕ ಅರ್ಹತೆಯುಳ್ಳವನು ಸಿಂಧನೂರು ತಾಲ್ಲೂಕಿನ ಸಾಲಗುಂದದ ಕಡೆ, ತುಂಗಭದ್ರಾ ಎಡದಂಡೆ ಕಾಲುವೆ ನಂಬಿ ನೆಲ್ಲು ಹಚ್ಚುವ ರೈತ. ಅವನು ಹಡಗು ಕಂಡಿಲ್ಲ ಎಂಬುದು ಇಲ್ಲಿ ಅಪ್ರಸ್ತುತ. ನಮ್ಮ ನೈಯಾಯಿಕರು ಹೊಗೆ ಕಂಡು ಬೆಂಕಿಯನ್ನು ಊಹಿಸಿದರು. ಗುಡ್ಡ ಹತ್ತಿ ಕೈ ಸುಟ್ಟುಕೊಂಡು ಬನ್ನಿ ಎಂದು ಅವರನ್ನು ಯಾರೂ ಪೀಡಿಸಲಿಲ್ಲ.

ಮೊದಲ ಪ್ರಮಾಣ ಗೇಜ್, ಅಂದರೆ ನೀರಿನ ಮಟ್ಟ ಅಳೆಯುವ ಪಟ್ಟಿ. ರೈನ್ ನದಿಯ ದಂಡೆಯಲ್ಲಿ ಕೌಬ್ ಎಂಬ ಸಣ್ಣ ಊರಿದೆ. ಅಲ್ಲಿನ ನೀರಿನ ಮಟ್ಟದ ಅಂಕಿ ಕೇಳಿಕೊಂಡೇ ಹಡಗಿನವರು ಮುಂದಿನ ಮಾತಾಡುತ್ತಾರೆ. 2018ರ ಅಕ್ಟೋಬರ್‌ನಲ್ಲಿ ಅದು 25 ಸೆಂಟಿಮೀಟರಿಗೆ ಇಳಿದಿತ್ತು. 2022ರ ಆಗಸ್ಟ್‌ನಲ್ಲಿ ಮತ್ತೆ 40ರ ಕೆಳಗೆ ಹೋಯಿತು. ಇದರಲ್ಲೊಂದು ಸೂಕ್ಷ್ಮವಿದೆ. ಕೌಬ್ ಗೇಜಿನ ಸೊನ್ನೆ ನದಿಯ ತಳವಲ್ಲ. ಪಟ್ಟಿ 40 ತೋರಿಸಿದಾಗಲೂ ಹಡಗಿನ ದಾರಿಯಲ್ಲಿ ಒಂದೂವರೆ ಮೀಟರಿನಷ್ಟು ನೀರಿರುತ್ತದೆ. ಸಾಮಾನ್ಯ ಪ್ರವಾಸಿಗೆ ಇದು ತಲೆಬುಡ ತಿಳಿಯದ ಸಂಗತಿ. ನಮ್ಮ ರೈತನಿಗೆ ಹಾಗಲ್ಲ. ಗೇಜ್ ಹೇಳುವುದೇ ಬೇರೆ, ನೀರು ಇರುವುದೇ ಬೇರೆ ಎಂಬ ದ್ವೈತದಲ್ಲಿ ಅವನು ಹುಟ್ಟಿನಿಂದಲೇ ಪಳಗಿದವನು. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್ ಎಂದು ಸರ್ಕಾರ ಬರೆದರೂ ಜನ ಅದನ್ನು ಇಂದಿಗೂ ಮೈಲಿನಲ್ಲೇ ಅಳೆಯುತ್ತಾರೆ. ಸಿಂಧನೂರಿನವರ ಬಾಯಲ್ಲಿ 69ನೇ ಮೈಲ್, ಮಾನ್ವಿ, ಸಿರವಾರದವರ ಬಾಯಲ್ಲಿ 104ನೇ ಮೈಲ್. ಕಾಲುವೆಗೆ 4,100 ಕ್ಯುಸೆಕ್ ಬಿಟ್ಟಿದ್ದಾರೆಂದು ಪೇಪರಿನಲ್ಲಿ ಓದಿ, ಮೈಲಿನ ಗೇಜ್ ಎಷ್ಟಡಿ ಅಂತ ಗ್ಯಾಂಗ್‌ಮನ್‌ಗೆ ಫೋನ್ ಹಚ್ಚಿ, ಉಪಕಾಲುವೆಯ ಗೇಟು ಎಷ್ಟು ಎತ್ತಿದ್ದಾರೆಂದು ವಿಚಾರಿಸಿ, ಮೇಲಿನವರು ಎಷ್ಟು ಪೈಪು ಇಳಿಸಿದ್ದಾರೆಂಬುದನ್ನು ಕಳೆದು, ತನ್ನ ತೂಬಿಗೆ ಮಂಗಳವಾರ ರಾತ್ರಿ ಎಷ್ಟು ಬಂದೀತೆಂದು ಹೇಳಬಲ್ಲವನಿಗೆ ಕೌಬ್ ಯಾವ ಲೆಕ್ಕ? ವ್ಯತ್ಯಾಸ ಇಷ್ಟೇ, ಅಲ್ಲಿ ಅಂಕಿಗಿಂತ ನೀರು ಹೆಚ್ಚು, ಇಲ್ಲಿ ನೀರಿಗಿಂತ ಅಂಕಿ ಹೆಚ್ಚು. ಇದರಿಂದ ಸಿಗುವ ವ್ಯಾಪ್ತಿ: ಎಲ್ಲೆಲ್ಲಿ ಗೇಜ್ ಉಂಟೋ ಅಲ್ಲಲ್ಲಿ ತಕರಾರು ಉಂಟು. ಈ ತಕರಾರು ತೀರಿಸಲು ಯುರೋಪಿನವರು 1815ರ ವಿಯೆನ್ನಾ ಸಮ್ಮೇಳನದಲ್ಲೇ ರೈನ್ ಆಯೋಗಕ್ಕೆ ಬುನಾದಿ ಹಾಕಿದರು. ಅದರ ಕಚೇರಿ ಈಗ ರೈನ್ ದಂಡೆಯ ಸ್ಟ್ರಾಸ್‌ಬರ್ಗ್‌ನಲ್ಲಿದೆ. ನಮಗೆ 1953ರಿಂದ ತುಂಗಭದ್ರಾ ಮಂಡಳಿ ಇದೆ, ಮೇಲೆ ನೀರಾವರಿ ಸಲಹಾ ಸಮಿತಿಯೂ ಇದೆ. ಸಮಿತಿಯ ಸಭೆ ಒಮ್ಮೊಮ್ಮೆ ಬೆಂಗಳೂರಿನಲ್ಲಿ ಸೇರುತ್ತದೆ. ನೀರಿನಿಂದ ದೂರ ಕೂತಷ್ಟೂ ನೀರಿನ ಬಗ್ಗೆ ನಿರ್ಲಿಪ್ತ ಚಿಂತನೆ ಸಾಧ್ಯವೆಂಬುದು ಅದರ ಹಿಂದಿನ ತತ್ವವಿರಬೇಕು.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ಅದು ನದಿ, ಇದು ಮನುಷ್ಯ ತೋಡಿದ ಕಾಲುವೆ, ಹೋಲಿಕೆ ಸಲ್ಲದು ಎನ್ನುತ್ತಾರೆ. ಪಾಪ, ಅವರು ನಕ್ಷೆ ನೋಡಿಲ್ಲ. ರೈನ್ ಕಡೆಯಿಂದ ಡ್ಯಾನ್ಯೂಬ್‌ಗೆ ಹೋಗುವ ಹಡಗು ದಾಟುವುದು ರೈನ್-ಮೈನ್-ಡ್ಯಾನ್ಯೂಬ್ ಎಂಬ 171 ಕಿಲೋಮೀಟರಿನ ಕಾಲುವೆಯನ್ನು. ನ್ಯೂರೆಂಬರ್ಗ್ ಸಂತೆಗೆ ಹೋಗುವವರು ಇಳಿಯುವುದೂ ಕಾಲುವೆಯ ದಂಡೆಗೇ. ಅದನ್ನು ತೋಡಲು ಮೊದಲು ಕೈಹಾಕಿದವನು 793ರಲ್ಲಿ ಶಾರ್ಲಮೇನ್ ಚಕ್ರವರ್ತಿ; ಮಳೆ ಬಂದು ಅಗೆದ ಮಣ್ಣೆಲ್ಲ ತಿರುಗಿ ಗುಂಡಿಗೇ ಜಾರಿತೆಂದು ಅಂದಿನ ದಾಖಲೆ ಹೇಳುತ್ತದೆ. ಕಾಲುವೆ ಪೂರ್ತಿಯಾದದ್ದು 1992ರಲ್ಲಿ. ನಡುವೆ 1,199 ವರ್ಷ. ಹೂಳಿನಿಂದಾಗಿ ಸುಮಾರು 133 ಟಿಎಂಸಿ ಅಡಿಯಿಂದ 105.78ಕ್ಕೆ ಕುಗ್ಗಿದ ತುಂಗಭದ್ರಾ ಜಲಾಶಯದ ಕೊರತೆ ತುಂಬಲೆಂದು ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಮಾತಿದೆಯಲ್ಲ, ಅದು ತಡವಾಯಿತೆಂದು ಕೊರಗುವವರು ಈ ಅಂಕಿಯನ್ನು ಗೋಡೆಗೆ ಬರೆದಿಟ್ಟುಕೊಳ್ಳಬಹುದು. ಇನ್ನು ಆ ಕಾಲುವೆಯ ಎತ್ತರದ ಭಾಗಕ್ಕೆ ನೀರನ್ನು ಪಂಪಿನಿಂದ ಮೇಲೆತ್ತುತ್ತಾರೆ. ಮೇಲ್ಭಾಗದವರು ಪಂಪಿಟ್ಟು ನೀರೆತ್ತುವುದು ಅಲ್ಲಿ ತಂತ್ರಜ್ಞಾನ, ಇಲ್ಲಿ ಪೊಲೀಸ್ ಪ್ರಕರಣ. ಆದರೆ ಕ್ರಿಯೆ ಒಂದೇ. ಉಳಿದದ್ದು ಲಾಕ್, ಅಂದರೆ ನೀರು ತುಂಬಿಸಿ, ಇಳಿಸಿ ಹಡಗನ್ನು ಏರಿಳಿಸುವ ಗೇಟಿನ ತೊಟ್ಟಿ. ಹದಿನಾರು ಲಾಕ್‌ಗಳಲ್ಲಿ ಹಡಗು ಮೆಟ್ಟಿಲು ಹತ್ತಿದಂತೆ ಏರಿ ಇಳಿಯಬೇಕು. ಒಂದೊಂದರ ಅಗಲ 12 ಮೀಟರ್, ಹಡಗಿನ ಅಗಲ 11.4, ಉದ್ದ 135. ಅಂದರೆ ಎರಡೂ ಬದಿಗೆ ಒಂದೊಂದು ಗೇಣು ಸಂದು. ಕಿಟಕಿಯಿಂದ ನೋಡಿದರೆ ಪಾಚಿಗಟ್ಟಿದ ಕಾಂಕ್ರೀಟು ಗೋಡೆ ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ ನಿಧಾನಕ್ಕೆ ಕೆಳಗಿಳಿಯುತ್ತದೆ. ಪ್ರವಾಸಿಗಳು ಇದನ್ನು ಪವಾಡವೆಂದು ಫೋಟೊ ಹೊಡೆಯುತ್ತಾರೆ. ನೆಲ್ಲುಹುಲ್ಲು ಎರಡಾಳೆತ್ತರ ಒಟ್ಟಿದ ಟ್ರ್ಯಾಲಿಯನ್ನು ಹಳ್ಳಿಯ ಓಣಿಯಲ್ಲಿ, ಒಂದು ಬದಿ ಚರಂಡಿ, ಇನ್ನೊಂದು ಬದಿ ಕರೆಂಟು ಕಂಬ ಇರುವಾಗ ಹಿಂದಕ್ಕೆ ತೆಗೆಯುವ ಹುಡುಗನಿಗೆ ಒಂದು ಗೇಣು ಎಂದರೆ ಬಯಲು.

ಎರಡನೆಯ ಪ್ರಮಾಣ ಪಂಚಾಂಗ. ಕ್ರಿಸ್‌ಮಸ್ ಡಿಸೆಂಬರ್ 25ಕ್ಕೇ ಬಂದರೂ ಸಂತೆ ಶುರುವಾಗುವ ದಿನ ಸ್ಥಿರವಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅಡ್ವೆಂಟಿನಲ್ಲಿ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ನ್ಯೂರೆಂಬರ್ಗ್ ಸಂತೆ ಅದರ ಹಿಂದಿನ ಶುಕ್ರವಾರ ತೆರೆದು 24ಕ್ಕೆ ಮುಚ್ಚುತ್ತದೆ. ಹಬ್ಬದ ಮರುದಿನ ಸಂತೆ ನೋಡುತ್ತೇನೆಂದು ಹೋದವನು ಅಲ್ಲಿ ಬಿಚ್ಚಿದ ಹಲಗೆ ಎಣಿಸಿ ಬರಬೇಕು. ನಮ್ಮ ರೈತನಾದರೋ ಅಂಬಾಮಠದ ಜಾತ್ರೆ ಬನದ ಹುಣ್ಣಿಮೆಗೆ, ಕೊಪ್ಪಳದ ಗವಿಮಠದ ತೇರು ಅದರ ಬೆನ್ನಿಗೆ ಬಿದಿಗೆಗೆ ಎಂದು ಬಾಯಿಪಾಠ ಇಟ್ಟುಕೊಂಡವನು. ಆ ಹುಣ್ಣಿಮೆ 2024ರಲ್ಲಿ ಜನವರಿ 25ಕ್ಕೆ ಬಂತು, 2025ರಲ್ಲಿ 13ಕ್ಕೆ, 2026ರಲ್ಲಿ 3ಕ್ಕೆ. ಅದರ ನಡುವೆ ಎರಡನೇ ಬೆಳೆಗೆ ನೀರು ಯಾವಾಗ, ಸಸಿಮಡಿ ಯಾವಾಗ ಹಾಕಬೇಕು, ನಾಟಿ ಆಳುಗಳು ಜಾತ್ರೆಗೆ ಹೋಗದ ದಿನ ಯಾವುದು ಎಂಬುದನ್ನೆಲ್ಲ ಹೊಂದಿಸುವ ತಲೆಗೆ ನಾಲ್ಕು ಭಾನುವಾರ ಹಿಂದೆ ಎಣಿಸುವುದು ಕಷ್ಟವೇ? ಅಂಬಾಮಠದಿಂದ ಕೊಪ್ಪಳಕ್ಕೆ ಕಾಲುವೆಯ ಮೇಲೆ ದೋಣಿ ಬಿಡಬಹುದಲ್ಲ ಎಂಬ ಸಲಹೆಗೆ ಇಲ್ಲಿ ಅವಕಾಶವಿಲ್ಲ. ಅದು ಹರಿವಿಗೆ ಎದುರು ಪ್ರಯಾಣ, ದಾರಿಯಲ್ಲಿ ಕಾಲುವೆ ಹಾಯುವ ಪಾಪಯ್ಯ ಸುರಂಗ ಬೇರೆ.

ಸಂತೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಡ್ರೆಸ್ಡೆನ್‌ನಲ್ಲಿ 1434ರಿಂದ, ಸ್ಟ್ರಾಸ್‌ಬರ್ಗ್‌ನಲ್ಲಿ 1570ರಿಂದ ನಡೆದು ಬಂದದ್ದು ಜಾತ್ರೆಯೇ ಹೊರತು ಬೇರೇನಲ್ಲ: ಸಾಲು ಅಂಗಡಿ, ಬಣ್ಣದ ದೀಪ, ಮಕ್ಕಳ ತಿರುಗುಣಿ, ಸಿಹಿ ತಿಂಡಿ. ಬೆಂಡು ಬತ್ತಾಸಿನ ಜಾಗದಲ್ಲಿ ಲೆಬ್‌ಕೂಹೆನ್ ಎಂಬ ಮಸಾಲೆ ರೊಟ್ಟಿ. ಒಗ್ಗರಣಿ-ಮಿರ್ಚಿಯ ಜಾಗ ಮಾತ್ರ ಖಾಲಿ. ಮಸಾಲೆ ಹಾಕಿ ಕಾಸಿದ ದ್ರಾಕ್ಷಾರಸವನ್ನು ಪಿಂಗಾಣಿ ಲೋಟದಲ್ಲಿ ಕೊಟ್ಟು ಲೋಟಕ್ಕೆ ಠೇವಣಿ ಹಿಡಿಯುತ್ತಾರೆ. ಜನ ಠೇವಣಿ ಬಿಟ್ಟು ಲೋಟ ಒಯ್ಯುತ್ತಾರೆ. ಲೋಟಕ್ಕೆ ಸರಪಳಿ ಹಾಕುವ ನಮ್ಮ ವಿಧಾನ ಅವರಿಗಿನ್ನೂ ಹೊಳೆದಿಲ್ಲ. ಕೊಪ್ಪಳದ ದಾಸೋಹದಲ್ಲಿ ಒಂದೇ ದಿನ ಲಕ್ಷಗಟ್ಟಲೆ ಮಿರ್ಚಿ ಕರಿದು ಪುಕ್ಕಟೆ ಬಡಿಸುವುದನ್ನು ಕಂಡವನು ಒಂದು ಲೋಟಕ್ಕೆ ಠೇವಣಿ ಕೇಳುವವರನ್ನು ಬಡವರೆಂದು ತಿಳಿದರೆ ಅದು ಅವನ ತಪ್ಪಲ್ಲ. ಹಬ್ಬ ಅವನದ್ದಲ್ಲವೆಂಬ ಆಕ್ಷೇಪ ಲಿಂಗಸುಗೂರು ತಾಲ್ಲೂಕು ದಾಟುವುದಿಲ್ಲ. ಆ ತಾಲ್ಲೂಕಿನ ಮುದಗಲ್‌ನ ಕ್ರೈಸ್ತರು ಆದಿಲ್‌ಶಾಹಿ ಕಾಲದಿಂದ ಅಲ್ಲಿ ಬೇರೂರಿದವರು, ಅದೇ ಊರಿನ ಮೊಹರಂ ಸುತ್ತಲಿನ ಹತ್ತೂರಿಗೆ ಜಾತ್ರೆ. ಯಾರ ಹಬ್ಬವಾದರೂ ಅಂಗಡಿ ಹಾಕಿದರೆ ಹೋಗಬೇಕೆಂಬುದು ಇಲ್ಲಿನ ಸ್ಮೃತಿ.

ಕಡೆಯ ಆಕ್ಷೇಪ, ಇವನಿಗೆ ವೀಸಾ ಯಾರು ಕೊಡುತ್ತಾರೆ? ಷೆಂಗನ್ ವೀಸಾದ ಮರ್ಮ ಹಣದಲ್ಲಿಲ್ಲ, ವಾಪಸು ಬರುತ್ತೀರೆಂಬುದಕ್ಕೆ ಪುರಾವೆ ಏನು ಎಂಬ ಪ್ರಶ್ನೆಯಲ್ಲಿದೆ. ಸಂಬಳದ ಚೀಟಿ, ಮನೆಪತ್ರ ತೋರಿಸಿ ಹೋದವರೂ ಅಲ್ಲೇ ಉಳಿದುಕೊಂಡದ್ದುಂಟು. ಡಿಸೆಂಬರ್‌ನಲ್ಲಿ ಸಸಿಮಡಿ ಹಾಕಿ ಹೋದವನು ಬರದೆ ಇದ್ದದ್ದು ಎಲ್ಲಿಯೂ ಇಲ್ಲ. ಪಹಣಿಯ ಜೊತೆಗೆ ಮಡಿಯ ಫೋಟೊ ಲಗತ್ತಿಸಿದರೆ ಅದಕ್ಕಿಂತ ಬಲವಾದ ಪ್ರಮಾಣ ಯಾವ ರಾಯಭಾರ ಕಚೇರಿಗೂ ಸಿಗದು. ಹಣದ ಪ್ರಶ್ನೆಯನ್ನು ಕೈಬಿಡಬಹುದು, ಏಕೆಂದರೆ ಯೋಜಿಸುವವನೇ ಹೋಗಬೇಕೆಂದು ಈ ಪ್ರಬಂಧ ಎಲ್ಲಿಯೂ ವಾದಿಸಿಲ್ಲ. ಒಂದು ಎಕರೆಯೂ ನೆಲ್ಲು ಹಚ್ಚದವರು ಅಚ್ಚುಕಟ್ಟಿನ ನೀರನ್ನು ಯೋಜಿಸುತ್ತಿರುವಾಗ, ಹಡಗು ಹತ್ತದವನು ಹಡಗನ್ನು ಯೋಜಿಸಿದರೆ ಅನ್ಯಾಯವೇನು?

ಇಷ್ಟೆಲ್ಲ ಸಿದ್ಧವಾದ ಮೇಲೆ ಅವನ ಯೋಜನೆ ಹೇಗಿದ್ದೀತು? ಅವನು ಮೊದಲು ನಂಬದೆ ಇರುವುದು ಹಡಗನ್ನು. ನೀರು ಕಡಿಮೆಯಾದರೆ ಹಡಗು ತಳ ಹಿಡಿಯುತ್ತದೆ, ಹೆಚ್ಚಾದರೆ ಸೇತುವೆ ಕೆಳಗೆ ನುಸುಳುವುದಿಲ್ಲ. ತುಂಬಿದರೂ ಕೇಡೇ ಎಂಬುದು 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ಹರಿದು ಕೊಚ್ಚಿಹೋದಾಗ, ಅವನಿಗೆ ಮನದಟ್ಟಾದ ಸಂಗತಿ. ಹಡಗು ನಿಂತರೆ ಕಂಪನಿಯವರು ಜನರನ್ನು ಬಸ್ಸಿಗೆ ಹತ್ತಿಸಿ, ಅಡ್ಡಿಯ ಆಚೆ ಕಾಯುತ್ತಿರುವ ಇನ್ನೊಂದು ಹಡಗಿಗೆ ಸಾಗಿಸುತ್ತಾರೆ. ಕಾಲುವೆ ನಿಂತರೆ ಇಲ್ಲಿಯೂ ಜನ ಗಾಡಿ ಹತ್ತಿ ನೀರಾವರಿ ಇಲಾಖೆ ಕಚೇರಿ ಮುಂದೆ ಇಳಿಯುತ್ತಾರೆ. ಆಚೆ ಇನ್ನೊಂದು ಕಾಲುವೆ ಮಾತ್ರ ಇರುವುದಿಲ್ಲ. ಎರಡೂ ಕಡೆ ನದಿಯ ಪ್ರವಾಸ ಮುಗಿಯುವುದು ಡಾಂಬರು ರಸ್ತೆಯ ಮೇಲೆ. ಆದಕಾರಣ ಮಹಡಿಯ ಕೋಣೆ ಬೇಕೋ ಕೆಳಗಿನದೋ ಎಂಬ ಚರ್ಚೆಯನ್ನು ಅವನು ಎರಡು ನಿಮಿಷದಲ್ಲಿ ಮುಗಿಸುತ್ತಾನೆ. ಕೌಬ್ ಗೇಜ್ ಕೇಳಿಕೊಂಡು, ಬಸ್ಸು ನಿಲ್ಲುವ ಜಾಗಕ್ಕೆ ಎಲ್ಲರಿಗಿಂತ ಮೊದಲು ಹೋಗಿ, ಕಿಟಕಿಯಿಂದ ಒಳಗೆ ಟವೆಲ್ ಒಗೆದು ಸೀಟು ಹಿಡಿಯುತ್ತಾನೆ.