ಮಜ್ಜಿಗಿಯ ಜಾಡು

ನಮ್ಮ ಅಡ್ಡಹೆಸರು ಮಜ್ಜಿಗಿ. ಧಾರವಾಡದ ಕಡೆ ಇದೇನೂ ಸೋಜಿಗವಲ್ಲ. ಅಲ್ಲಿನ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಮನೆತನಗಳು ಕೂಡಿದರೆ ಒಂದು ಅಡುಗೆಮನೆಯೇ ಆದೀತು. ಬಳ್ಳಾರಿಯ ನಮ್ಮ ಓಣಿಯಲ್ಲಿ ಮಾತ್ರ ನಾವೊಬ್ಬರೇ. ತೆಲುಗರಂತೆ ಮನೆತನದ ಹೆಸರು ಮೊದಲು ಬರೆಯಬೇಕೋ, ಧಾರವಾಡದವರಂತೆ ಕೊನೆಗೋ ಎಂಬ ಗೊಂದಲ ಬೇರೆ. ಮಜ್ಜಿಗಿ ಕೊನೆಗೇ ಇರಲಿ ಎಂದಳು ಹೆಂಡತಿ.

ಮೂಲ ಹುಡುಕಲು 1881ರ ಜನಗಣತಿ ಸಂಪುಟ ತೆರೆದೆ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಸಂಪುಟದಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು, ಯಾವ ಜಾತಿ, ಯಾವ ಕಸುಬು ಎಲ್ಲ ಉಂಟು, ಮನೆಯವರ ಹೆಸರಿಲ್ಲ. ನಮ್ಮ ಮುತ್ತಜ್ಜ ಅಲ್ಲಿದ್ದರೂ ಬರೀ ಅಂಕಿಯಾಗಿ! ಇಂಗ್ಲೆಂಡಿನಲ್ಲಿ ನೂರು ವರ್ಷ ಕಾದರೆ ಮನೆಮನೆಯ ಪಟ್ಟಿ ನೋಡಬಹುದು. ನಮ್ಮ 1948ರ ಜನಗಣತಿ ಕಾಯ್ದೆಯೋ, ಆ ಹಾಳೆ ಯಾರಿಗೂ ತೋರಿಸಬೇಡ ಎನ್ನುತ್ತದೆ.

ಸರಿ, ಹಿರಿಯರನ್ನೇ ಕೇಳೋಣವೆಂದು ಕುರುಗೋಡಿಗೆ ಹೋದೆ. ದೊಡ್ಡಬಸವೇಶ್ವರ ಗುಡಿಯ ಕಟ್ಟೆಯ ಮೇಲಿದ್ದ ಹಿರಿಯರು, “ನಿಮ್ಮವರು ಜಾತ್ರಿಗೆ ಬಂದೋರಿಗೆ ಮಜ್ಜಿಗಿ ಹಂಚ್ತಿದ್ರಪ್ಪ” ಅಂದರು. ಎದೆ ಉಬ್ಬಿತು. ಅಲ್ಲಿಗೇ ನಿಲ್ಲಿಸಬೇಕಿತ್ತು, ಸಿರುಗುಪ್ಪದ ಸೋದರತ್ತೆಯ ಮನೆಗೂ ಹೋದೆ.

“ಹಂಚೋದೆಲ್ಲಿಂದ ಬಂತೋ? ನಿಮ್ಮ ಮುತ್ತಜ್ಜ ಇಲ್ಲೇ ಮಾರ್ತಿದ್ದ. ತುಂಗಭದ್ರಿ ಪಕ್ಕದಾಗೇ ಇತ್ತಲ್ಲ, ನೀರಿಗೇನು ಬರ?”

ಅಡ್ಡಹೆಸರಿನ ಮೂಲ ಬೇಕೆನ್ನುವವರಿಗೆ ನನ್ನದೊಂದು ಕಿವಿಮಾತು: ಕಡತ ಬಿಡಿ, ಹಿರಿಯರನ್ನು ಕೇಳಿ. ಆದರೆ ಒಬ್ಬರನ್ನೇ ಕೇಳಿ!