ಈ ವಾರ ಮುಗಿಸಿ ಬಂದೆ

ಇವರನ್ನು ಗುರುತಿಸುವುದು ಸುಲಭ. ವಯಸ್ಸು ನಲವತ್ತರ ಮೇಲೆ, ಕೆಲಸ ಸಾಫ್ಟ್‌ವೇರ್, ಸೊಂಟಕ್ಕೆ ಬೆಲ್ಟು. ಯಾರಾದರೂ ಅಪ್ಪಿತಪ್ಪಿ ವಿಡಿಯೊ ಗೇಮಿನ ಸುದ್ದಿ ಎತ್ತಿದರೆ ಕಾಫಿ ಲೋಟ ಕೆಳಗಿಟ್ಟು, "ಗೇಮ್ ಅಂದ್ರೆ ಹೀರೋಸ್ ತ್ರೀ ಕಣ್ರೀ. ಆಮೇಲೆ ಬಂದಿದ್ದೆಲ್ಲ ಬರೀ ಗ್ರಾಫಿಕ್ಸು" ಎನ್ನುತ್ತಾರೆ.

'ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3' ಅಮೆರಿಕದ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ 1999ರಲ್ಲಿ ತಂದ ಆಟ. ಕುದುರೆ ಏರಿದ ನಾಯಕ ಊರೂರು ಅಲೆದು ಗಣಿ ಹಿಡಿಯುತ್ತಾನೆ, ಕೋಟೆ ಬೆಳೆಸುತ್ತಾನೆ, ಷಟ್ಕೋನದ ಮನೆಗಳ ರಣರಂಗದಲ್ಲಿ ಗ್ರಿಫಿನ್, ಅಸ್ಥಿಪಂಜರ, ಡ್ರ್ಯಾಗನ್‌ಗಳನ್ನು ಸರದಿಯ ಪ್ರಕಾರ ನಡೆಸುತ್ತಾನೆ. ಗಡಿಯಾರದ ಕಾಟವಿಲ್ಲ. ನೀವು ನಡೆ ಇಡುವವರೆಗೂ ಶತ್ರು ತೆಪ್ಪಗೆ ಕಾಯುತ್ತಾನೆ.

ಮನೆಯವರು ಕಾಯುವುದಿಲ್ಲ.

"ಊಟಕ್ಕೆ ಬರ್ತೀರೋ ಇಲ್ವೋ?"

"ಈ ವಾರ ಮುಗಿಸಿ ಬಂದೆ ಕಣೇ."

ವಾರ ಎಂದರೆ ಆಟದ ವಾರ. ಏಳು ಸರದಿ ಕಳೆದರೆ ಕೋಟೆಯಲ್ಲಿ ಹೊಸ ಪಡೆ ಹುಟ್ಟುತ್ತದೆ. ಹಾಗಾಗಿ ಏಳನೇ ದಿನ ಏಳುವಂತಿಲ್ಲ, ನಾಳೆ ಪಡೆ ಬರಲಿದೆ. ಒಂದನೇ ದಿನವೂ ಇಲ್ಲ, ಬಂದ ಪಡೆಗೆ ದುಡ್ಡು ಕೊಡಬೇಕು. ಎರಡನೇ ದಿನ ಅದನ್ನು ನಾಯಕನಿಗೆ ತಲುಪಿಸಬೇಕು. ಮೂರನೇ ದಿನದ ಹೊತ್ತಿಗೆ ಸಾರು ಆರಿ, ಮನೆಯ ದೀಪವೂ ಆರಿರುತ್ತದೆ.

ಇಂಥವರ ಕೈಗೆ 'ಸಾಂಗ್ಸ್ ಆಫ್ ಕಾಂಕ್ವೆಸ್ಟ್' ಸಿಕ್ಕಿತು. ಸ್ವೀಡನ್ನಿನ ಲಾವಾಪೋಷನ್ ತಂಡ 2022ರಲ್ಲಿ ಅರ್ಧ ಬೆಂದಿದ್ದಾಗಲೇ ಬಡಿಸಿ, 2024ರ ಮೇ ತಿಂಗಳಲ್ಲಿ ಪೂರ್ತಿ ಮಾಡಿದ ಆಟ. ಹಳೇ ಹೀರೋಸ್‌ನ ಋಣವನ್ನು ಅದು ಮುಚ್ಚಿಟ್ಟಿಲ್ಲ. ಇವರು ಮೊದಲ ದಿನವೇ ಕೊಂಡರು, ಬೀಗರ ಮನೆ ಊಟದಲ್ಲಿ ಕಲ್ಲು ಹುಡುಕಲು ಕೂತವರ ಹಾಗೆ. ಹಳೆಯದರಂತಿದ್ದರೆ "ಕದ್ದಿದ್ದಾರೆ", ಬೇರೆಯಾಗಿದ್ದರೆ "ಕೆಡಿಸಿದ್ದಾರೆ". ಮೂರನೆಯ ತೀರ್ಪು ಇವರ ನ್ಯಾಯಾಲಯದಲ್ಲಿಲ್ಲ.

ಹೆಚ್ಚು ಕೆರಳಿಸಿದ್ದು ಮಂತ್ರದ ಏರ್ಪಾಡು. ಹೀರೋಸ್‌ನಲ್ಲಿ ಮಂತ್ರಶಕ್ತಿ ನಾಯಕನ ಸ್ವಂತ ಆಸ್ತಿ. ಹೊಸ ಆಟದಲ್ಲಿ ಅದನ್ನು ಕಣದಲ್ಲಿ ನಿಂತ ಪಡೆಗಳು ಸರದಿ ಸರದಿಗೆ ಹುಟ್ಟಿಸಿಕೊಡಬೇಕು. "ಸೈನಿಕ ಸತ್ರೆ ಮಂತ್ರಾನೂ ಸೊರಗತ್ತೆ ಅಂದ್ರೆ ಏನ್ರೀ ಅರ್ಥ?" ನಿಜ ಹೇಳಬೇಕೆಂದರೆ ಇಡೀ ಆಟದ ಜಾಣತನ ಇರುವುದೇ ಅಲ್ಲಿ. ಯಾರನ್ನು ಯುದ್ಧಕ್ಕೆ ಕರೆದೊಯ್ಯಬೇಕು ಎಂಬ ಲೆಕ್ಕದೊಳಗೇ ಯಾವ ಮಂತ್ರ ಹಾಕಬಹುದು ಎಂಬ ಲೆಕ್ಕವೂ ಸೇರಿಕೊಂಡಿದೆ. ಇವರೆದುರು ಹಾಗೆನ್ನಬೇಡಿ, ಕರಿ ಡ್ರ್ಯಾಗನ್ ಪ್ರಸಂಗ ಕೇಳಬೇಕಾಗುತ್ತದೆ. ಆರ್ಮಗೆಡನ್ ಮಂತ್ರ ಸ್ವಂತ ಸೈನ್ಯವನ್ನೂ ಬಿಡದೆ ಸುಡುತ್ತದೆ, ಕರಿ ಡ್ರ್ಯಾಗನ್‌ಗೆ ಮಾತ್ರ ಯಾವ ಮಂತ್ರವೂ ತಾಗದು. ಈ ಎರಡನ್ನೂ ಜೋಡಿಸಿದವರು ಪ್ರಪಂಚದಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಹಾಸ್ಟೆಲಿನಲ್ಲಿ ತಾನೊಬ್ಬನೇ ಕಂಡುಹಿಡಿದೆ ಎಂಬುದು ಇವರ ದೃಢ ನಂಬಿಕೆ.

2015ರ ಗಾಯವೂ ಮಾಗಿಲ್ಲ. ಆ ವರ್ಷ ಯೂಬಿಸಾಫ್ಟ್ ಹೀರೋಸ್ 3ಕ್ಕೆ ಎಚ್‌ಡಿ ಬಣ್ಣ ಬಳಿದು ಮಾರಿತು, ಎರಡು ವಿಸ್ತರಣೆಗಳನ್ನು ಸೇರಿಸಲೇ ಇಲ್ಲ. ಅಭಿಮಾನಿಗಳೇ ಕಟ್ಟಿದ 'ಹಾರ್ನ್ ಆಫ್ ದಿ ಅಬಿಸ್' ಎಂಬ ವಿಸ್ತರಣೆ ಪುಕ್ಕಟೆ ಸಿಗುತ್ತದೆ. ಅದನ್ನು ಹೊಗಳುವಾಗ ಮಾತ್ರ ಇವರ ದನಿ ಮೃದುವಾಗುತ್ತದೆ.

ಹೊಸ ಆಟದಲ್ಲೂ ಒಂದೇ ಕಂಪ್ಯೂಟರಿನ ಮುಂದೆ ಸರದಿಯಂತೆ ಕೂತು ಆಡಬಹುದು. ಪಿಯುಸಿ ಮಗಳು ಜೌಗಿನ ಕಪ್ಪೆಮಂದಿಯಾದ ರಾಣಾ ಪಕ್ಷ ಹಿಡಿದು ಅಪ್ಪನ ರಾಜಧಾನಿ ಕಿತ್ತುಕೊಂಡಳು. "ಬ್ಯಾಲೆನ್ಸೇ ಇಲ್ಲ ಈ ಗೇಮಲ್ಲಿ!" ಎಂದು ಇವರು ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಉದ್ದನೆಯ ವಿಮರ್ಶೆ ಬರೆದು, ಯಾರೂ ಕೊಳ್ಳಬೇಡಿ ಎಂದು ಹೆಬ್ಬೆರಳು ಕೆಳಗೆ ಮಾಡಿದರು. ಆಡಿದ ಗಂಟೆಗಳನ್ನು ಪಕ್ಕದಲ್ಲೇ ತೋರಿಸುವುದು ಸ್ಟೀಮ್‌ನ ಪದ್ಧತಿ. ಮುನ್ನೂರ ಚಿಲ್ಲರೆ.

ಹೀರೋಸ್ ಸರಣಿಯದೇ ಹೊಸ ಕಂತು 'ಓಲ್ಡನ್ ಎರಾ'ವನ್ನು ಅನ್‌ಫ್ರೋಜನ್ ತಂಡ 2024ರಲ್ಲಿ ಘೋಷಿಸಿದಾಗ ಇವರು ಟ್ರೇಲರನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು.

"ಹೇಗಿದೆ?" ಎಂದಳು ಮಗಳು.

"ಬಣ್ಣ ಜಾಸ್ತಿಯಾಯ್ತು. ಇರ್ಲಿ, ವಿಶ್‌ಲಿಸ್ಟಿಗೆ ಹಾಕು."